ಎರಡನೆಯ ವಾದ

ನಾನು ಪಾಠ ಮಾಡುತ್ತಿದ್ದ ಕಾನೂನು ಕಾಲೇಜಿನಲ್ಲಿ ಎಲ್‌ಎಲ್‌ಎಂಗೆ ಹೊಸಬರು ಬಂದ ಮೊದಲ ದಿನ ಒಂದು ಕತೆ ಹೇಳುವ ರೂಢಿಯಿದೆ. ದೇವನಹಳ್ಳಿ ಹತ್ತಿರದ ಹಳ್ಳಿಯೊಂದರ ದ್ರಾಕ್ಷಿ ಬೆಳೆಗಾರರ ಮಗಳು ನಮ್ಮಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಹೂಡಿಕೆ ಕಾನೂನು ಓದಿದಳು. ಕೈಗಾರಿಕಾ ಪ್ರದೇಶಕ್ಕೆಂದು ಊರಿನ ಜಮೀನಿಗೆ ನೋಟಿಸು ಬಂದಾಗ ಅಧಿಕಾರಿಯ ಮುಂದೆ ನಿಂತು ವಾದ ಮಾಡಿದಳು. ವಿದೇಶಿ ಕಂಪನಿಯ ಆಸ್ತಿಯನ್ನು ಸರ್ಕಾರವೊಂದು ವಶಪಡಿಸಿಕೊಂಡರೆ ಯಾವ ಲೆಕ್ಕದಲ್ಲಿ ಪರಿಹಾರ ಸಿಗುತ್ತದೋ ಆ ಲೆಕ್ಕವನ್ನೇ ತನ್ನೂರಿನ ಪರ ಮಂಡಿಸಿದಳು; ಪರಿಹಾರ ಏರಿತು. ಇಷ್ಟು ಹೇಳಿ ನಮ್ಮ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತಾರೆ. ಚಪ್ಪಾಳೆ ಬೀಳುತ್ತದೆ.

ಈ ಕತೆಯ ಒಂದೊಂದು ವಾಕ್ಯವನ್ನೂ ಬಿಡಿಬಿಡಿಯಾಗಿ ಪಾಟೀಸವಾಲಿಗೆ ಒಡ್ಡಿ, ನಿಲ್ಲುತ್ತದೆ. ಒಟ್ಟಿಗೆ ಸೇರಿಸಿ ಹೇಳಿದಾಗ ಮಾತ್ರ ನಾನು ಒಪ್ಪುವುದಿಲ್ಲ. ಆ ವಿಚಾರಣೆಯ ದಿನ ನಾನು ಅದೇ ಕೋಣೆಯಲ್ಲಿ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಊರಿನವರು ಅವಳನ್ನು ಪರಿಹಾರ ಏರಿಸಲು ಕಳಿಸಿರಲಿಲ್ಲ.

ವೃತ್ತಿಯ ಅನುಭವ ಬರೆಯುವವರು ಸಾಮಾನ್ಯವಾಗಿ ಪಿಂಚಣಿ ಬರುವ ವಯಸ್ಸಿನವರು. ನನ್ನ ತಲೆಯಲ್ಲಿ ನರೆಗೂದಲನ್ನು ಇನ್ನೂ ಹುಡುಕಬೇಕು. ಆದರೆ ಮತ್ತೆ ಆ ಕಡೆ ಹೋಗುವುದಿಲ್ಲವೆಂದು ತೀರ್ಮಾನಿಸಿ ಬಿಟ್ಟುಬಂದ ಕೆಲಸಕ್ಕೆ ನಿವೃತ್ತಿ ಅನ್ನದೆ ಇನ್ನೇನು ಅನ್ನಬೇಕು, ನೀವೇ ಹೇಳಿ. ಈ ವಿಷಯ ಓದಲು ಹೊರಟ ಹುಡುಗ ಹುಡುಗಿಯರು, ಮುಂದೆ ಇದನ್ನೇ ಕಲಿಸಬೇಕೆಂದುಕೊಂಡವರು, ಈಗಲೂ ನನ್ನನ್ನು ಕೇಳುತ್ತಾರೆ: ಒಳಗೆ ಹೇಗಿರುತ್ತದೆ ಮ್ಯಾಮ್? ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ನೆಲಮಂಗಲದವಳು. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಕೊಡಿ, ವಿರೋಧ ಕೊಡಿ, ಬಹುಮಾನದ ಕಪ್ ಮನೆಗೆ ತರುತ್ತಿದ್ದೆ. ಸಾರಿಗೆ ಉಪ್ಪು ಸಾಲದೆಂದು ನನಗೆ ಹೇಳಲು ನಮ್ಮಮ್ಮ ಹಿಂದೆಮುಂದೆ ನೋಡುತ್ತಿದ್ದರು, ಅದಕ್ಕೂ ನನ್ನ ಹತ್ತಿರ ಉತ್ತರ ಇರುತ್ತಿತ್ತು. ಕೆಲಸ ಸಿಕ್ಕ ಕಾಲೇಜು ವಿಮಾನ ನಿಲ್ದಾಣದ ಆಚೆ ಬದಿಯಲ್ಲಿತ್ತು. ವಿಮಾನ ಏರುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಅದೇ ವಾಕ್ಯದ ಉಳಿದರ್ಧವನ್ನು ಹೇಳುವುದು ಅಲ್ಲಿನ ಮೇಷ್ಟ್ರುಗಳಿಗೆಲ್ಲ ಅಭ್ಯಾಸವಾಗಿತ್ತು. ನನಗೆ ಅದೊಂದು ಬರಲಿಲ್ಲ. ನಾನು ವಿಮಾನದ ಮೇಲೂ ಕೂಗುತ್ತಿದ್ದೆ.

ವಿಭಾಗದ ಮುಖ್ಯಸ್ಥರು ನಂಜುಂಡಯ್ಯ ಸರ್. ಕಸ್ಟಮ್ಸ್ ಇಲಾಖೆಯಲ್ಲಿ ಬಹಳ ಕಾಲ ದುಡಿದು, ಆಮೇಲೆ ಪಾಠಕ್ಕೆ ಬಂದವರು. ಮೇಜಿನ ಮೇಲೆ ಗಡಿಯಾರ ಬಿಚ್ಚಿಟ್ಟು ‘ಬರ್ಕೊಳ್ಳಿ’ ಎಂದರೆ ಗಂಟೆ ಹೊಡೆಯುವ ತನಕ ನೋಟ್ಸು. ವಿಶ್ವ ವ್ಯಾಪಾರದ ಒಪ್ಪಂದಗಳನ್ನು ಅವರಷ್ಟು ಸ್ಪಷ್ಟವಾಗಿ ಬಿಡಿಸಿದವರನ್ನು ನಾನು ಕಂಡಿಲ್ಲ, ಇದನ್ನು ಹೇಳಲೇಬೇಕು. ಆದರೆ ಆ ನೋಟ್ಸು ಬರೆದುಕೊಂಡ ಹುಡುಗರನ್ನು ಎಬ್ಬಿಸಿ ಒಂದು ಪ್ರಶ್ನೆ ಕೇಳಿದರೆ ಚಾವಣಿ ನೋಡುತ್ತಿದ್ದರು. ನನ್ನ ಪದ್ಧತಿ ಬೇರೆ ಎಂದು ವಿಭಾಗದ ಸಭೆಯಲ್ಲೇ ಹೇಳಿಬಿಟ್ಟೆ. ಪ್ರತಿ ವಾರ ಒಂದು ಕಾಲ್ಪನಿಕ ದಾವೆ ಕೊಡುವುದು, ಚೀಟಿ ಎತ್ತಿಸುವುದು, ಚೀಟಿಯಲ್ಲಿ ಬಂದ ಪಕ್ಷದ ಪರ ವಾದ ಮಾಡಿಸುವುದು. ಹೂಡಿಕೆದಾರ ಬಂದರೆ ಹೂಡಿಕೆದಾರ, ಸರ್ಕಾರ ಬಂದರೆ ಸರ್ಕಾರ. ನಂಬಿಕೆಗೂ ಪಕ್ಷಕ್ಕೂ ಸಂಬಂಧವಿರಕೂಡದು.

ನಂಜುಂಡಯ್ಯ ಸರ್ ಕೇಳಿಸಿಕೊಂಡು, “ಏನಮ್ಮಾ, ಎರಡೂ ಕಡೆ ಮಾತಾಡೋದು ಕಲಿಸ್ತೀರಿ, ಸರಿ. ಒಂದು ಕಡೆ ನಿಲ್ಲೋದನ್ನ ಎಲ್ಲಿ ಕಲೀತಾರೆ?” ಎಂದರು.

“ಅದನ್ನ ಮನೇಲಿ ಕಲ್ತು ಬಂದಿರ್ತಾರೆ ಸರ್,” ಎಂದೆ. ಸಭೆ ನಕ್ಕಿತು. ಅನುಮತಿ ಸಿಕ್ಕಿತು. ನಗು ಬಂದ ಮೇಲೆ ಅವರ ಪ್ರಶ್ನೆಯನ್ನು ಯಾರೂ ಮುಂದುವರಿಸಲಿಲ್ಲ, ಅವರೂ ಸಹ.

ಚೀಟಿಗಳನ್ನು ನನ್ನ ಊಟದ ಸ್ಟೀಲ್ ಡಬ್ಬಿಯಲ್ಲಿ ಹಾಕುತ್ತಿದ್ದೆ, ಚಿತ್ರಾನ್ನದ ವಾಸನೆ ಹತ್ತಿರುತ್ತಿತ್ತು. ಬೀಡಿ ಸಿಗರೇಟಿನ ಅಂಗಡಿ ಮುಂದೆಯೂ ನಿಲ್ಲದ ಒಬ್ಬನಿಗೆ ಸಿಗರೇಟು ಕಂಪನಿಯ ಪರ ಚೀಟಿ ಬಂತು. ಪೊಟ್ಟಣದ ಮೇಲಿನ ಹೆಸರು ಅಳಿಸುವ ಸರ್ಕಾರದ ಕಾನೂನು ಕಂಪನಿಯ ಆಸ್ತಿಯನ್ನು ಕಿತ್ತುಕೊಂಡಂತೆ ಎಂದು ಅವನು ವಾದಿಸಬೇಕಿತ್ತು. ಮುಖ ಗಂಟಿಕ್ಕಿಕೊಂಡು ಹೋದವನು ಮರುವಾರ ಬಂದು ಎಂಥಾ ವಾದ ಮಾಡಿದನೆಂದರೆ ಎದುರಿನವರ ವಾದ ಅಲ್ಲಿಗೇ ಬಿದ್ದುಹೋಯಿತು. ಆಮೇಲೆ ಕ್ಯಾಂಟೀನಿನಲ್ಲಿ ನನಗೆ ಟೀ ಕೊಡಿಸಿ, ಇವತ್ತು ನನ್ನನ್ನು ಕಂಡರೆ ನನಗೇ ಆಗುತ್ತಿಲ್ಲ ಎಂದ. ಅದು ಹೊಗಳಿಕೆಯೆಂದೇ ನಾನು ತಿಳಿದೆ.

ನಗೆಪಾಟಲಾದದ್ದೂ ಉಂಟು. ಒಂದು ಸಲ ವಿದ್ಯಾರ್ಥಿಗಳನ್ನು ದೊಡ್ಡಬಳ್ಳಾಪುರದ ಕಡೆ ಗುಲಾಬಿ ರಫ್ತು ಮಾಡುವ ಪ್ಯಾಕಿಂಗ್ ಶೆಡ್ಡಿಗೆ ಕರೆದುಕೊಂಡು ಹೋಗಿದ್ದೆ. ಯಾವುದೋ ದೇಶದಲ್ಲಿ ಹೂವಿನೊಳಗೆ ಹುಳು ಕಂಡಿತೆಂದು ಅವರ ಒಂದು ಲೋಡು ಪೂರ್ತಿ ಸುಟ್ಟುಹಾಕಿದ್ದರು. ವೈಜ್ಞಾನಿಕ ಪರಿಶೀಲನೆ ಇಲ್ಲದೆ ಹಾಗೆ ಮಾಡಲು ಒಪ್ಪಂದದಲ್ಲಿ ಅವಕಾಶವೇ ಇಲ್ಲ, ಇದು ಗೆಲ್ಲುವ ಕೇಸು ಎಂದು ನಾನು ಶೆಡ್ಡಿನ ಮಧ್ಯೆ ನಿಂತು ಉಪನ್ಯಾಸ ಕೊಟ್ಟೆ. ಮ್ಯಾನೇಜರು ಖುಷಿಯಾಗಿ ಅರ್ಜಿ ಎಲ್ಲಿ ಕೊಡಬೇಕು ಎಂದರು. ನೀವು ಕೊಡುವ ಹಾಗಿಲ್ಲ, ಭಾರತ ಸರ್ಕಾರ ಆ ಸರ್ಕಾರದ ಮೇಲೆ ಹೂಡಬೇಕು, ಕೆಲವು ವರ್ಷ ಹಿಡಿಯುತ್ತದೆ, ಗೆದ್ದರೂ ಸುಟ್ಟ ಹೂವಿಗೆ ಏನೂ ಬರುವುದಿಲ್ಲ ಎಂದು ಹೇಳಬೇಕಾಯಿತು. ಆತ ನನ್ನನ್ನೂ ಹುಡುಗರನ್ನೂ ನೋಡಿ, ಎಲ್ಲರಿಗೂ ಒಂದೊಂದು ಗುಲಾಬಿ ಕೊಟ್ಟು ಕಳಿಸಿದರು.

ಈ ವಿಷಯ ಓದುವವರು ಈ ಭೇದವನ್ನು ಮೊದಲೇ ತಿಳಿದಿರಬೇಕು. ವ್ಯಾಪಾರದ ಕಾನೂನಿನಲ್ಲಿ ನಷ್ಟವಾದವನಿಗೆ ಕುರ್ಚಿಯಿಲ್ಲ, ಸರ್ಕಾರಗಳಿಗೆ ಮಾತ್ರ. ಹೂಡಿಕೆಯ ಕಾನೂನಿನಲ್ಲಿ ಹಾಗಲ್ಲ. ವಿದೇಶಿ ಹೂಡಿಕೆದಾರ ತಾನೇ ಬಂದು ಸರ್ಕಾರವನ್ನು ಪಂಚಾಯಿತಿಗೆ, ಅಂದರೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಗೆ, ಎಳೆಯಬಹುದು. ವಿದ್ಯಾರ್ಥಿಗಳೆಲ್ಲ ಎರಡನೆಯದಕ್ಕೆ ಮುಗಿಬೀಳುವುದು ಅದಕ್ಕೇ. ಭವ್ಯ ಕೂಡ ಅದನ್ನೇ ಆರಿಸಿಕೊಂಡಳು.

ಕಾಲೇಜಿನ ಕತೆಯ ನಾಯಕಿ ಇವಳೇ. ಊರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು, ತರಗತಿಗೆ ಮುಂಚೆ ಡೈರಿಗೆ ಹಾಲು ಹಾಕಿ. ಮೊದಮೊದಲು ಮಾತು ಕಡಿಮೆ. ಚೀಟಿ ಪದ್ಧತಿ ಅವಳಿಗೆ ಒಗ್ಗಿದ್ದು ನೋಡಿ ನನಗೇ ಆಶ್ಚರ್ಯ. ಮುಖ್ಯವಾಗಿ ಅವಳು ಎರಡನೆಯ ವಾದದಲ್ಲಿ ನಿಪುಣೆ. ಎರಡನೆಯ ವಾದವೆಂದರೇನು ಎಂದು ಹೇಳಿಬಿಡುತ್ತೇನೆ, ನಮ್ಮ ಕಸುಬಿನ ಜೀವ ಅದರಲ್ಲಿದೆ. ಮೊದಲು, ನೀವು ಮಾಡಿದ್ದೇ ತಪ್ಪು ಎಂದು ವಾದಿಸುತ್ತೀರಿ. ಆಮೇಲೆ, ‘ಒಂದು ವೇಳೆ ತಪ್ಪಲ್ಲವೆಂದು ತಮಗೆ ಕಂಡರೂ’ ಎಂದು ಒಂದು ಹೆಜ್ಜೆ ಹಿಂದಿಟ್ಟು, ‘ಇಷ್ಟಾದರೂ ಕೊಡಬೇಕು’ ಎನ್ನುತ್ತೀರಿ. ಪಂಚಾಯಿತಿಯ ಮುಂದೆ ಹೀಗೆ ಹೇಳಿದರೆ ಮೊದಲನೆಯದನ್ನು ಬಿಟ್ಟುಕೊಟ್ಟಿರೆಂದು ಯಾರೂ ಭಾವಿಸುವುದಿಲ್ಲ. ಹೇಳದಿದ್ದರೆ ಮಾತ್ರ ದಡ್ಡರೆನ್ನುತ್ತಾರೆ. ಹೇಳದವರಿಗೆ ನಾನು ಅಂಕ ಕಳೆಯುತ್ತಿದ್ದೆ.

ಅವಳ ಎರಡನೆಯ ವರ್ಷದಲ್ಲಿ ಊರಿಗೆ ನೋಟಿಸು ಬಂತು. ಮನೆಯ ಜಮೀನಿನಲ್ಲಿ ದ್ರಾಕ್ಷಿ ಚಪ್ಪರವಿದ್ದ ತುಂಡನ್ನು ಅಪ್ಪ ಮುನಿಶಾಮಪ್ಪನವರು ಮಗಳ ಹೆಸರಿಗೆ ಬರೆದಿದ್ದರು, ಹಾಗಾಗಿ ಅವಳ ಹೆಸರಿಗೂ ಒಂದು ನೋಟಿಸು. ಊರವರು ಡೈರಿಯ ಜಗುಲಿಯ ಮೇಲೆ ಸೇರಿದರು. ಭವ್ಯ ನನ್ನನ್ನೂ ಕರೆದಿದ್ದಳು. ಪಕ್ಕದೂರಿನವರಿಗೆ ಆಗಲೇ ಒಂದು ಸುತ್ತು ಸ್ವಾಧೀನದ ವಿಚಾರಣೆ ಆಗಿತ್ತು. ಅವರಿಂದ ಇವರು ಒಂದು ಪಾಠ ಕಲಿತಿದ್ದರು. ವಿಚಾರಣೆಯಲ್ಲಿ ಹೆಸರು ಕೂಗಿದಾಗ ಎದ್ದು ಹೇಳಬೇಕಾದದ್ದು ಒಂದೇ ಮಾತು: ಕೊಡಲ್ಲ. ಯಾಕೆ ಎಂದು ಕೇಳಿದರೂ ಕೊಡಲ್ಲ. ಎಷ್ಟಾದರೆ ಕೊಡುತ್ತೀರಿ ಎಂದರೂ ಕೊಡಲ್ಲ. ದರದ ಮಾತು ಒಬ್ಬರ ಬಾಯಲ್ಲಿ ಬಂದರೂ ಊರೇ ಒಪ್ಪಿದಂತೆ ಎಂದು ಅವರ ತೀರ್ಮಾನ.

ನಾನು ಸುಮ್ಮನಿರುವವಳೇ? ಕಾರಣ ಕೊಡದ ಆಕ್ಷೇಪಣೆಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದೆ. ಮುನಿಶಾಮಪ್ಪನವರು ನನಗೆ ಕಾಫಿ ಲೋಟ ಕೊಟ್ಟು, ಮಗಳ ಕಡೆ ತಿರುಗಿದರು.

“ಮೇಡಂ ಹೇಳೋದು ಸರಿ ಇರ್ತದೆ. ಕಾರಣ ಬೇಕಾದ್ರೆ ಹೇಳು ಮಗ, ತಿಳ್ದೋಳು ನೀನು. ಆಮೇಲೆ ಕೊಡಲ್ಲ ಅನ್ನು, ಕೂತ್ಕೊ. ಅದರಿಂದಾಚೆಗೆ ಹೋಗ್ಬೇಡ.”

ಅವಳು ಹೂಂ ಎಂದಳು. ಅದಕ್ಕೆ ನಾನು ಸಾಕ್ಷಿ.

ವಿಚಾರಣೆಗೆ ಬಂದ ಅಧಿಕಾರಿ, ಕತೆಗಳಲ್ಲಿ ಬರುವಂಥ ದರ್ಪದವರಲ್ಲ. ಎಲ್ಲರಿಗೂ ಕುರ್ಚಿ ಹಾಕಿಸಿದ್ದರು. ಕೆಲವರು ಎದ್ದು ‘ಕೊಡಲ್ಲ ಸ್ವಾಮಿ’ ಎಂದು ಕೂತರು. ಯಾಕೆ, ಏನು ಎಂದು ಅವರು ಕೇಳಿದ್ದಕ್ಕೂ ಅದೇ ಉತ್ತರ. ಆ ಮನುಷ್ಯ ಪೆನ್ನು ಹಿಡಿದು ಬರೆಯಲು ಏನೂ ಇಲ್ಲದೆ ಕೂತಿದ್ದರು. ಆ ಒಂದು ಮಾತು ಕೋಣೆಯಲ್ಲಿ ಹೇಗೆ ಕೆಲಸ ಮಾಡುತ್ತಿದೆ ಎಂದು ನನಗೆ ಆಗ ಕಾಣಿಸಿತು. ಹಿಡಿದು ಎಳೆಯಲು ಅದಕ್ಕೆ ತುದಿಯೇ ಇರಲಿಲ್ಲ. ಆಮೇಲೆ ಭವ್ಯಳ ಹೆಸರು ಕೂಗಿದರು.

ಅವಳು ಕೊಡುವುದಿಲ್ಲ ಎಂದೇ ಶುರು ಮಾಡಿದಳು. ಮೊದಲ ಸುತ್ತಿನಲ್ಲಿ ತೆಗೆದುಕೊಂಡ ಜಮೀನು ಪಕ್ಕದಲ್ಲೇ ಬೇಲಿ ಹಾಕಿಕೊಂಡು ಖಾಲಿ ಬಿದ್ದಿರುವಾಗ ಇನ್ನಷ್ಟು ಬೇಕೆನ್ನುವುದರಲ್ಲಿ ಸಾರ್ವಜನಿಕ ಉದ್ದೇಶ ಎಲ್ಲಿದೆ ಎಂದು ಕೇಳಿದಳು. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಧಿಕಾರಿ ತಲೆಯೆತ್ತಿ ಕೇಳತೊಡಗಿದರು. ಊರವರು ಬೆನ್ನು ನೆಟ್ಟಗೆ ಮಾಡಿ ಕೂತರು. ಅಲ್ಲಿಗೆ ಮುಗಿಯಬೇಕಿತ್ತು.

“ಒಂದು ವೇಳೆ ಸಾರ್ವಜನಿಕ ಉದ್ದೇಶ ಇದೆ ಅಂತಲೇ ತಾವು ತೀರ್ಮಾನಿಸಿದ್ರೂ ಸರ್,” ಎಂದಳು ಭವ್ಯ.

“ಸಾಕು ಮಗ,” ಎಂದರು ಹಿಂದಿನಿಂದ ಮುನಿಶಾಮಪ್ಪ. ಗಟ್ಟಿಯಾಗಿಯೇ ಹೇಳಿದರು, ನನಗೆ ಗೋಡೆ ಪಕ್ಕದಲ್ಲಿ ಕೇಳಿಸಿತು.

ಅವಳು ನಿಲ್ಲಿಸಲಿಲ್ಲ. ಇಂಥ ಸ್ವಾಧೀನದಲ್ಲಿ ನೆಲದ ಇವತ್ತಿನ ದರ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ, ಚಪ್ಪರ ಮುಂದೆ ಎಷ್ಟು ವರ್ಷ ಬೆಳೆ ಕೊಡುತ್ತಿತ್ತೋ ಆ ವರಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಳು. ಹೊರದೇಶದ ಕಂಪನಿಯ ಗಣಿಯನ್ನೋ ಕಾರ್ಖಾನೆಯನ್ನೋ ಸರ್ಕಾರ ತೆಗೆದುಕೊಂಡರೆ ಇದೇ ಲೆಕ್ಕ ನಡೆಯುತ್ತದೆ, ಬಳ್ಳಿಗೆ ಯಾಕಿಲ್ಲ ಎಂದು ಕೇಳಿದಳು. ಅಧಿಕಾರಿಗೆ ನಿಜವಾಗಿ ಕುತೂಹಲ ಹುಟ್ಟಿತು. ಆ ಲೆಕ್ಕ ಹೇಗೆ ಹಾಕುತ್ತಾರಮ್ಮ ಎಂದರು. ಅವಳು ಬಿಡಿಸಿ ಹೇಳಿದಳು. ಅಷ್ಟು ಹೊತ್ತು ಅವರ ಕೈಯಲ್ಲಿ ಸುಮ್ಮನಿದ್ದ ಪೆನ್ನು ಓಡಲಾರಂಭಿಸಿತು.

ಮುಂದಿನ ಹೆಸರು ಪಿಳ್ಳಪ್ಪ ಎಂಬುವರದು, ಅವಳ ಪಕ್ಕದ ಚಪ್ಪರದವರು. ಎದ್ದು ನಿಂತು ಒಮ್ಮೆ ಭವ್ಯಳ ಕಡೆ ನೋಡಿದರು. ಆಮೇಲೆ, “ಹಂಗಾದ್ರೆ ಕಲ್ಲುಕಂಬಕ್ಕೂ ಲೆಕ್ಕ ಹಿಡೀತೀರಾ ಸ್ವಾಮಿ?” ಎಂದರು.

ಅಲ್ಲಿಂದ ಅದು ದರದ ಸಭೆಯಾಯಿತು. ಕೊಳವೆಬಾವಿ, ತಂತಿ, ತೆಂಗು, ಒಬ್ಬೊಬ್ಬರದು ಒಂದೊಂದು. ಮುನಿಶಾಮಪ್ಪನವರ ಹೆಸರು ಬಂದಾಗ ಅವರು ಎದ್ದು, ‘ಕೊಡಲ್ಲ ಸ್ವಾಮಿ’ ಎಂದು ಕೂತರು. ಅಷ್ಟು ಹೊತ್ತಿಗೆ ಅದು ಆ ಕೋಣೆಯಲ್ಲಿ ಒಬ್ಬ ಹಟಮಾರಿ ಮುದುಕನ ಮಾತಿನಂತೆ ಕೇಳಿಸಿತು.

ಈಗ ವಾದಕ್ಕೆ ಬನ್ನಿ. ಭವ್ಯ ಹೇಳದಿದ್ದರೆ ಜಮೀನು ಉಳಿಯುತ್ತಿತ್ತೇ? ಗೊತ್ತಿಲ್ಲ. ಒಂದೇ ಮಾತಿಗೆ ಅಂಟಿಕೊಂಡ ಪಕ್ಕದೂರಿನಲ್ಲಿ ಅರ್ಧ ಜಮೀನನ್ನು ಸರ್ಕಾರ ಕೈಬಿಟ್ಟಿತು, ಅರ್ಧ ಹೋಯಿತು. ಹೋದ ಅರ್ಧಕ್ಕೆ ಸಿಕ್ಕ ಪರಿಹಾರ ಇವರಿಗಿಂತ ಕಡಿಮೆ. ಇಲ್ಲಿ ಅವಳ ಸೂತ್ರವನ್ನು ಪೂರ್ತಿ ಒಪ್ಪದಿದ್ದರೂ ಬಳ್ಳಿಗೆ, ಕಂಬಕ್ಕೆ, ಬಾವಿಗೆ ಬೇರೆಬೇರೆ ಲೆಕ್ಕ ಹಿಡಿದರು. ಊರಿನಲ್ಲಿ ಹೆಚ್ಚಿನವರು ಖುಷಿಯಾಗಿದ್ದಾರೆ, ಈಗಲೂ ಅವಳನ್ನು ಹೊಗಳುತ್ತಾರೆ. ಚಪ್ಪರದ ತುಂಡು ಅವಳ ಹೆಸರಿನಲ್ಲೇ ಇತ್ತಲ್ಲ, ಅವಳ ಜಮೀನಿನ ಬಗ್ಗೆ ಅವಳು ಮಾತಾಡಿದಳು ಎಂದೂ ನೀವು ಹೇಳಬಹುದು. ಎಲ್ಲವೂ ಸರಿಯಾದ ವಾದಗಳೇ. ಪರ ಚೀಟಿ ಬಂದಿದ್ದರೆ ನಾನೂ ಇವನ್ನೇ ಹೇಳುತ್ತಿದ್ದೆ.

ಜಮೀನು ಬಿಟ್ಟುಕೊಡುವ ಮುಂಚೆ ಒಂದು ದಿನ ಭವ್ಯಳ ಅಮ್ಮ ಊಟಕ್ಕೆ ಕರೆದಿದ್ದರು. ಮುನಿಶಾಮಪ್ಪನವರು ಚಪ್ಪರದ ತಂತಿ ಬಿಚ್ಚಿ ಸುರುಳಿ ಸುತ್ತುತ್ತಿದ್ದರು. ಸಾಮಾನು ವ್ಯರ್ಥ ಮಾಡುವವರಲ್ಲ. ನಾನು ಒಂದು ತುದಿ ಹಿಡಿದುಕೊಂಡೆ. ಮಗಳ ಬಗ್ಗೆ ಒಂದು ಕಟುಮಾತು ಅವರ ಬಾಯಿಂದ ಬರಲಿಲ್ಲ. ಆದರೆ ಅವರಿಗೆ ಒಂದು ವಿಷಯ ತಿಳಿದುಕೊಳ್ಳಬೇಕಿತ್ತು.

“ನೀವು ಓದ್ಸೋ ಕಾನೂನ್ನಾಗೆ, ಆ ದೊಡ್ಡ ಕಂಪ್ನಿಯೋರು ಕೊಡಲ್ಲ ಅಂದ್ರೆ ನಡೀತದಾ ಮೇಡಂ?”

ಇಲ್ಲ ಎಂದೆ. ಸರ್ಕಾರಕ್ಕೆ ಸಾರ್ವಜನಿಕ ಕಾರಣ ಇರಬೇಕು, ಅವರಿವರೆಂದು ಭೇದ ಮಾಡಕೂಡದು, ಕ್ರಮ ತಪ್ಪಕೂಡದು, ಪರಿಹಾರ ಕೊಡಬೇಕು, ಇಷ್ಟಿದ್ದರೆ ತೆಗೆದುಕೊಳ್ಳಬಹುದು. ಒಪ್ಪಿಗೆ ಬೇಕಿಲ್ಲ.

“ಅವ್ರಿಗೂ ಇಲ್ಲ ಅನ್ನಿ,” ಎಂದರು. ಅವರ ದನಿಯಲ್ಲಿ ಒಂಥರಾ ಸಮಾಧಾನ ಇದ್ದಂತಿತ್ತು. ಒಂದು ಸುತ್ತು ತಂತಿ ಸುತ್ತಿ, “ಅವ್ರಿಗೆ ಅದು ಬೇಕಾಗೂ ಇಲ್ಲ ಬಿಡಿ. ದುಡ್ಡು ಹಾಕಿರ್ತಾರೆ, ದುಡ್ಡು ಬಂದ್ರೆ ಆಯ್ತು,” ಎಂದರು.

ಆ ನಾಲ್ಕು ಷರತ್ತುಗಳನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅದರಲ್ಲಿ ಯಜಮಾನನ ಒಪ್ಪಿಗೆ ಯಾಕಿಲ್ಲ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬೆಲೆಯ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಾನೂನು ಇನ್ನೊಂದಿಲ್ಲ. ಮಾರುವುದೇ ಇಲ್ಲ ಎನ್ನುವವನು ಎದುರು ಬಂದರೆ ಅದರ ಹತ್ತಿರ ಹೇಳಲು ಏನೂ ಇಲ್ಲ. ಇದು ಕಾನೂನಿನ ದೋಷ ಎಂದು ನಾನು ಹೇಳುತ್ತಿಲ್ಲ. ಯಾರೂ ಏನನ್ನೂ ಬಿಟ್ಟುಕೊಡದಿದ್ದರೆ ರಸ್ತೆಯೂ ಆಗುವುದಿಲ್ಲ, ನಾನು ದಿನಾ ಕಾಲೇಜಿಗೆ ಹೋಗುತ್ತಿದ್ದದ್ದು ಅಂಥ ರಸ್ತೆಯಲ್ಲೇ. ಓದಲು ಬರುವವರು ಇದನ್ನು ತಿಳಿದು ಬರಲಿ ಎಂದಷ್ಟೇ.

ಆಮೇಲಿನ ವರ್ಷ ಪದ್ಧತಿ ಬದಲಿಸಿ ನೋಡಿದೆ. ಕೆಲವು ವಾರ ಎರಡನೆಯ ವಾದವನ್ನು ನಿಷೇಧಿಸಿದೆ. ಮೊದಲನೆಯದರಲ್ಲೇ ಕೊನೆಯ ತನಕ ನಿಲ್ಲಬೇಕು, ಪಂಚರು ಎಷ್ಟು ಕೆಣಕಿದರೂ ಹಿಂದೆ ಸರಿಯಕೂಡದು. ಹುಡುಗರಿಗೆ ಐದು ನಿಮಿಷ ತಳ್ಳಲು ಆಗುತ್ತಿರಲಿಲ್ಲ. ‘ಒಂದು ವೇಳೆ’ ಎಂದು ಬಾಯಿಗೆ ಬಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಆ ಸಲ ನಮ್ಮ ತಂಡ ಹೊರಗಿನ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಸೋತು ಬಂತು. ಆಡಳಿತ ಮಂಡಳಿಯವರು ಕರೆಸಿದರು. ನಂಜುಂಡಯ್ಯ ಸರ್ ನನ್ನ ಪರವಾಗಿಯೇ ಮಾತಾಡಿದರು, ಅದೂ ಒಳ್ಳೆಯ ವಾದ. ಹೊರಗೆ ಬಂದ ಮೇಲೆ ಮಾತ್ರ, ಹಳೇದಕ್ಕೇ ಹೋಗಿಬಿಡಿ ಅಮ್ಮ, ಹುಡುಗರ ಭವಿಷ್ಯ ಎಂದರು. ಭವ್ಯಳ ಕತೆಯನ್ನು ಹಾಗೆ ಹೇಳಬೇಡಿ ಸರ್ ಎಂದು ಕೇಳಿಕೊಂಡೆ. ಯಾವ ಮಾತು ಸುಳ್ಳು ತೋರಿಸಿ ಎಂದರು. ತೋರಿಸಲಾಗಲಿಲ್ಲ.

ಹಳೆಯದಕ್ಕೆ ಹೋದೆ, ಒಂದೆರಡು ವರ್ಷ ಮಾಡಿದೆ, ಆಮೇಲೆ ಬಿಟ್ಟೆ. ಇದಕ್ಕೇ ಬಿಟ್ಟೆ ಎಂದು ಹೇಳಿದರೆ ನಾನೂ ಕತೆ ಕಟ್ಟಿದಂತಾಗುತ್ತದೆ. ಬೆಳಿಗ್ಗೆ ಎದ್ದು ಇವತ್ತು ಯಾವ ಪಕ್ಷ ಎಂದು ಯೋಚಿಸುವುದು ಬೇಸರವಾಯಿತು, ಅಷ್ಟು ಹೇಳಬಲ್ಲೆ.

ಕೊನೆಯ ವರ್ಷ ಹೊಸಬರ ದಿನಕ್ಕೆ ಭವ್ಯಳನ್ನೇ ಅತಿಥಿಯಾಗಿ ಕರೆಸಿದ್ದರು. ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಹೂಡಿಕೆದಾರರ ಪರ ದಾವೆ ನಡೆಸುತ್ತಾಳೆ, ಹೆಸರು ಮಾಡಿದ್ದಾಳೆ. ನಂಜುಂಡಯ್ಯ ಸರ್ ಕತೆ ಹೇಳಿದರು, ಕನ್ನಡಕ ಒರೆಸಿದರು, ಚಪ್ಪಾಳೆ ಬಿತ್ತು. ಅವಳು ನಕ್ಕು ಕೈಮುಗಿದಳು. ಕಾರ್ಯಕ್ರಮ ಮುಗಿದ ಮೇಲೆ ದೇವನಹಳ್ಳಿ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಬನ್ನಿ ಮ್ಯಾಮ್ ಎಂದು ತನ್ನ ಕಾರು ಹತ್ತಿಸಿಕೊಂಡಳು. ಅಪ್ಪ ಹೇಗಿದ್ದಾರೆ ಎಂದೆ. ಸೂಲಿಬೆಲೆ ಕಡೆ ಯಾರದೋ ತೋಟಕ್ಕೆ ಬಳ್ಳಿ ಸವರಲು ಹೋಗುತ್ತಾರಂತೆ. “ದುಡ್ಡಿಗಲ್ಲ ಮ್ಯಾಮ್. ಬೇಡ ಅಂದ್ರೂ ಕೇಳಲ್ಲ.” ಅಪ್ಪ ಮಗಳು ಚೆನ್ನಾಗಿದ್ದೀರಾ ಎಂದೆ. ಚೆನ್ನಾಗಿದ್ದೀವಿ, ಆ ವಿಷಯ ಒಂದು ಬಿಟ್ಟು ಎಲ್ಲ ಮಾತಾಡ್ತೀವಿ ಎಂದಳು.

ಕೈಗಾರಿಕಾ ಪ್ರದೇಶದ ಗೋಡೆ ಪಕ್ಕದಲ್ಲಿ ಬರುತ್ತಾ ಇತ್ತು, ಮುಗಿಯುವ ಹಾಗೆ ಕಾಣಲಿಲ್ಲ. ಒಳಗೆ ಎಲ್ಲಿ ತಮ್ಮ ಚಪ್ಪರ ಇತ್ತೆಂದು ಅವಳು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ನನಗೆ ಕೇಳಬೇಕಿದ್ದದ್ದು ಬೇರೆ, ಅಷ್ಟು ವರ್ಷ ಇಟ್ಟುಕೊಂಡಿದ್ದದ್ದು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕೇಳಿದೆ. ದೀಪ ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆದರು, ಅವಳು ಗೇರು ಹಾಕಿದಳು, ಬಸ್ ಸ್ಟ್ಯಾಂಡು ಬಂತು, ನಾನು ಇಳಿದೆ. ಈ ಬರಹ ಅವಳಿಗೂ ತಲುಪುತ್ತದೆ, ಹಾಗಾಗಿ ಇನ್ನೊಂದು ಸಲ ಕೇಳುತ್ತೇನೆ:

“ನಿಮ್ಮಪ್ಪ ಸಾಕು ಅಂದಾಗ ನೀನು ನಿಲ್ಲಿಸಲಿಲ್ಲ ಭವ್ಯ. ನಿಲ್ಲಿಸೋಕೆ ಬರಲಿಲ್ವಾ, ಇಲ್ಲಾ ನಿಲ್ಲಿಸಬಾರದು ಅಂತ ಮನೆಯಿಂದಲೇ ತೀರ್ಮಾನ ಮಾಡ್ಕೊಂಡು ಬಂದಿದ್ಯಾ?”